ಕೆರೆಯ ಮೀನು ಬದಲಾದರೆ ದಡದ ತೋಟವೂ ಬದಲಾಗುತ್ತದೆಯೇ?

ಪಳ್ಳದಬದಿ (ಬದಿಯಡ್ಕ):

ನಮ್ಮ ಅಡಿಕೆ ತೋಟದ ಮೇಲ್ಬದಿಯಲ್ಲಿ, ಮುರಕಲ್ಲಿನ ಗುಡ್ಡದ ಬುಡದಲ್ಲಿ, ಅಜ್ಜನ ಕಾಲದ ಒಂದು ಕೆರೆಯಿದೆ. ಗುಡ್ಡದ ಸುರಂಗದಿಂದ ಹರಿದು ಬರುವ ನೀರು ಅದರಲ್ಲಿ ನಿಂತು, ಅಲ್ಲಿಂದ ತೋಟಕ್ಕೂ ಕೆಳಗಿನ ಎರಡು ಗದ್ದೆಗಳಿಗೂ ಹೋಗುತ್ತದೆ. ನಾನು ಕಂಡಂತೆ ಮಾರ್ಚ್ ತಿಂಗಳಲ್ಲಿಯೂ ನೀರು ತಿಳಿಯಾಗಿದ್ದು ಅದರ ತಳದ ಕಲ್ಲು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ನೈದಿಲೆ, ಇನ್ನೊಂದು ಬದಿಯಲ್ಲಿ ಜೊಂಡು, ನಡುವೆ ಬೆರಳುದ್ದದ ಸಣ್ಣ ಮೀನುಗಳು, ಮಳೆ ಹಿಡಿದ ರಾತ್ರಿಗಳಲ್ಲಿ ಮನೆಯವರ ಮಾತು ಮನೆಯವರಿಗೆ ಕೇಳಿಸದಷ್ಟು ಕಪ್ಪೆಗಳ ಕೂಗು, ಇವಿಷ್ಟು ಅದರ ವೈಭವವಾಗಿತ್ತು.

ಮೂರು ವರ್ಷಗಳ ಹಿಂದೆ ಕೆರೆಯ ಹೂಳು ತೆಗೆಸಿ, ಪರಿಚಯದವರೊಬ್ಬರ ಸಲಹೆಯಂತೆ ತಿಲಾಪಿಯ, ಹುಲ್ಲುಗೆಂಡೆ ಮತ್ತು ಕಾಟ್ಲ ಮರಿಗಳನ್ನು ಬಿಟ್ಟೆವು. ದಿನಕ್ಕೆ ಎರಡು ಹೊತ್ತು ತೌಡು ಮತ್ತು ನೆಲಗಡಲೆ ಹಿಂಡಿ ಹಾಕುತ್ತಿದ್ದೆವು. ಮೀನು ಚೆನ್ನಾಗಿಯೇ ಬೆಳೆಯಿತು. ಆದರೆ ಮೊದಲ ವರ್ಷ ಮುಗಿಯುವಷ್ಟರಲ್ಲಿ ನೈದಿಲೆ ಕಾಣೆಯಾಯಿತು. ಎರಡನೆಯ ವರ್ಷದ ಜನವರಿಯಿಂದ ನೀರು ಸೊಪ್ಪು ಅರೆದು ಕಲಸಿದಂತೆ ಹಸಿರಾಗಿಯೇ ಉಳಿದಿದೆ. ಜೊಂಡಿನ ಮೇಲೆ ಪ್ರತಿ ವರ್ಷ ಅಂಟಿಕೊಂಡಿರುತ್ತಿದ್ದ ಏರೋಪ್ಲೇನ್ ಚಿಟ್ಟೆಗಳ ಒಣ ಪೊರೆಗಳು ಈ ಬಾರಿ ಹುಡುಕಿದರೂ ಸಿಗಲಿಲ್ಲ. ಕಪ್ಪೆಗಳ ಸದ್ದು ಕಡಿಮೆಯಾಗಿದೆ ಎಂಬುದನ್ನು ನಾನಲ್ಲ, ಎಂಬತ್ತು ದಾಟಿದ ನನ್ನ ತಾಯಿ ಮೊದಲು ಗಮನಿಸಿದರು. ಮಿಂಚುಳ್ಳಿ ಮತ್ತು ನೀರುಕಾಗೆಗಳು ಮಾತ್ರ ಹಿಂದಿಗಿಂತ ಹೆಚ್ಚು ಬರುತ್ತಿವೆ.

ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳ ಪಾಠಪುಸ್ತಕದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂಬ ಆಹಾರ ಸರಪಳಿಯ ಚಿತ್ರವೊಂದಿದೆ. ಅದನ್ನು ನೋಡುತ್ತಾ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಪ್ಪೆ ನೀರಿನದೋ ನೆಲದ್ದೋ, ನೀರಿನ ಸರಪಳಿಯೂ ನೆಲದ ಸರಪಳಿಯೂ ಎಲ್ಲಿ ಕೂಡುತ್ತವೆ ಎಂಬುದು ಅವಳ ಪ್ರಶ್ನೆ. ನನ್ನದು ಇನ್ನೂ ನೇರವಾದದ್ದು: ನಮ್ಮ ಕೆರೆಯಲ್ಲಿ ಆದ ಬದಲಾವಣೆಗೆ ಮೀನು ಬಿಟ್ಟದ್ದೇ ಕಾರಣವೇ? ಹೌದಾದರೆ ಆ ಬದಲಾವಣೆ ದಡದಲ್ಲಿ ನಿಲ್ಲುತ್ತದೆಯೇ, ಅಥವಾ ತೋಟ ಮತ್ತು ಗದ್ದೆಗಳವರೆಗೂ ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.


ನೀರುಚಿಗಟ (ಮುಳ್ಳೇರಿಯ):

ನಾನು ಇಪ್ಪತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿರುವವಳು. ನಿಮ್ಮ ಮಗಳ ಪ್ರಶ್ನೆ ನಿಮ್ಮ ಪ್ರಶ್ನೆಗಿಂತ ಮೊದಲು ಬರಬೇಕಾದದ್ದು, ಏಕೆಂದರೆ ಅದರ ಉತ್ತರದೊಳಗೇ ನಿಮ್ಮದೂ ಇದೆ.

ಸರಪಳಿ ಎಂಬ ಚಿತ್ರ ಕಲಿಸುವುದಕ್ಕೆ ಅನುಕೂಲವಾದದ್ದು. ಆದರೆ ಕೆರೆಯಲ್ಲಿ ಯಾವ ಜೀವಿಯೂ ಒಂದೇ ಕೊಂಡಿಯಲ್ಲಿ ನಿಲ್ಲುವುದಿಲ್ಲ. ಗೊದಮೊಟ್ಟೆ ಪಾಚಿಯನ್ನು ಕೆರೆದು ತಿನ್ನುತ್ತದೆ. ಅದೇ ಜೀವ ಕಪ್ಪೆಯಾದ ಮೇಲೆ ದಡಕ್ಕೆ ಬಂದು ಹುಳುಗಳನ್ನು ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ತಿಂಗಳುಗಟ್ಟಲೆ ನೀರಿನ ತಳದಲ್ಲಿದ್ದು ಸೊಳ್ಳೆಯ ಮರಿಗಳನ್ನೂ ಗೊದಮೊಟ್ಟೆಗಳನ್ನೂ ಹಿಡಿದು ತಿಂದು, ಒಂದು ರಾತ್ರಿ ಜೊಂಡನ್ನೇರಿ ಪೊರೆ ಕಳಚಿ, ಗಾಳಿಯಲ್ಲಿ ನೊಣ, ಜೇನು, ಪತಂಗಗಳನ್ನು ಹಿಡಿಯುವ ಬೇಟೆಗಾರನಾಗುತ್ತದೆ. ಹೀಗೆ ಬಾಲ್ಯವನ್ನು ನೀರಿನಲ್ಲಿಯೂ ಪ್ರಾಯವನ್ನು ನೆಲದಲ್ಲಿಯೂ ಕಳೆಯುವ ಜೀವಿಗಳಿಂದಾಗಿ ನೀರಿನ ಆಹಾರಜಾಲಕ್ಕೂ ನೆಲದ ಆಹಾರಜಾಲಕ್ಕೂ ನಡುವೆ ಬೇಲಿಯೇ ಇಲ್ಲ.

ಈಗ ನಿಮ್ಮ ಕೆರೆಯ ಹಸಿರಿಗೆ ಬರೋಣ. ನೀರನ್ನು ಹಸಿರಾಗಿಸುವುದು ಕಣ್ಣಿಗೆ ಕಾಣದ ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ. ಅದನ್ನು ಸೋಸಿ ತಿನ್ನುವುದು ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲಾಡುವ ಪುಟ್ಟ ಪ್ರಾಣಿಗಳು. ಅವುಗಳಲ್ಲಿ ಮುಖ್ಯವಾದದ್ದು ಡಾಫ್ನಿಯಾ. ನಾನು ಇಲ್ಲಿ ಇಟ್ಟುಕೊಂಡಿರುವ ಹೆಸರು ಅದರದೇ. ಮಿಲಿಮೀಟರಿನ ಲೆಕ್ಕದ ಈ ಜೀವಿಗಳು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಕೆರೆಯ ನೀರನ್ನು ಕೆಲವೇ ದಿನಗಳಲ್ಲಿ ಸೋಸಿ ತಿಳಿಯಾಗಿಸಬಲ್ಲವು. ಆದರೆ ಬಹುತೇಕ ಮೀನುಮರಿಗಳಿಗೆ ಅವು ಪ್ರಿಯವಾದ ಆಹಾರ, ಅದರಲ್ಲೂ ಗಾತ್ರದಲ್ಲಿ ದೊಡ್ಡವು ಮೊದಲು ಖಾಲಿಯಾಗುತ್ತವೆ. ಕಾಟ್ಲ ಬೆಳೆದ ಮೇಲೂ ಮೇಲ್ಪದರದಲ್ಲಿ ಪ್ರಾಣಿಪ್ಲವಕವನ್ನೇ ಸೋಸಿ ತಿನ್ನುವ ಮೀನು. ಡಾಫ್ನಿಯಾದಂತಹ ಈ ಜೀವಿಗಳು ಹೋದರೆ ಪಾಚಿಗೆ ತಡೆಯಿಲ್ಲ. 1985ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತ್ಯದಲ್ಲಿ ಸ್ಟೀಫನ್ ಕಾರ್ಪೆಂಟರ್ ಮತ್ತು ಜೇಮ್ಸ್ ಕಿಚೆಲ್ ಅವರು ಎರಡು ಪುಟ್ಟ ಸರೋವರಗಳ ಮೀನುಗಳನ್ನು ಅದಲುಬದಲು ಮಾಡಿ ಇದನ್ನು ಕಂಡುಕೊಂಡರು. ಪ್ಲವಕ ತಿನ್ನುವ ಸಣ್ಣ ಮೀನುಗಳನ್ನು ತೆಗೆದು, ಮೀನನ್ನೇ ತಿನ್ನುವ ಬಾಸ್ ಮೀನುಗಳನ್ನು ತಂದು ಬಿಟ್ಟ ಸರೋವರದಲ್ಲಿ ದೊಡ್ಡ ಡಾಫ್ನಿಯಾಗಳು ಹೆಚ್ಚಿ ಪಾಚಿ ಇಳಿಯಿತು. ಮೇಲಿನ ಒಂದು ಕೊಂಡಿಯನ್ನು ಬದಲಾಯಿಸಿದ್ದರಿಂದ ಮೂರು ಮೆಟ್ಟಿಲು ಕೆಳಗಿನ ನೀರಿನ ಬಣ್ಣ ಬದಲಾಯಿತು.

ಆದರೂ ಮೀನೊಂದೇ ಕಾರಣ ಎಂದು ಹೇಳಲು ನಾನು ಹಿಂಜರಿಯುತ್ತೇನೆ. ನೀವು ದಿನಕ್ಕೆ ಎರಡು ಹೊತ್ತು ಹಾಕಿದ ತೌಡು ಮತ್ತು ಹಿಂಡಿಯಲ್ಲಿ ರಂಜಕ (ಫಾಸ್ಫರಸ್) ಧಾರಾಳವಾಗಿದೆ. ಕೆನಡಾದ ಒಂದು ಸರೋವರವನ್ನು 1973ರಲ್ಲಿ ಪರದೆಯಿಂದ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿ ನೋಡಿದಾಗ, ರಂಜಕ ಬಿದ್ದ ಭಾಗ ಮಾತ್ರ ಹಸಿರು ಬಣ್ಣ ಬಳಿದಂತಾಯಿತು. ಅಂದರೆ ನಿಮ್ಮ ಕೆರೆಯಲ್ಲಿ ಪಾಚಿಗೆ ಕೆಳಗಿನಿಂದ ಗೊಬ್ಬರವೂ ಸಿಕ್ಕಿದೆ, ಮೇಲಿನಿಂದ ಅದನ್ನು ಮೇಯುವವರೂ ತಪ್ಪಿಹೋಗಿದ್ದಾರೆ. ಇದರ ಮೇಲೆ ಹುಲ್ಲುಗೆಂಡೆ ನೀರಿನ ಗಿಡಗಳನ್ನು ತಿಂದು ಮುಗಿಸಿರಬೇಕು. 1959ರಲ್ಲಿ ಭಾರತಕ್ಕೆ ತಂದ ಈ ಮೀನಿಗೆ ಜಲಸಸ್ಯವೇ ಆಹಾರ. ಗಂಡು ತಿಲಾಪಿಯ ಗೂಡು ಕಟ್ಟಲು ತಳದ ಕೆಸರನ್ನು ತೋಡುತ್ತದೆ. ನೈದಿಲೆಯ ಬೇರು ಹಿಡಿದಿಟ್ಟಿದ್ದ ಕೆಸರು ಮೇಲೇಳುತ್ತದೆ, ಅದರೊಂದಿಗೆ ಇನ್ನಷ್ಟು ರಂಜಕ ಬರುತ್ತದೆ, ನೀರು ಕದಡಿ ಬೆಳಕು ತಳ ಮುಟ್ಟದೆ ಹೊಸ ಗಿಡವೂ ಹುಟ್ಟುವುದಿಲ್ಲ. ಆಳವಿಲ್ಲದ ಕೆರೆಗಳು ಒಮ್ಮೆ ಈ ಸ್ಥಿತಿಗೆ ಜಾರಿದರೆ, ತೌಡು ಹಾಕುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ ಎಂಬುದೇ ನನಗೆ ಹೆಚ್ಚು ಚಿಂತೆಯ ವಿಷಯ.

ದಡದ ಮಾತು. ಇದಕ್ಕೆ ನನಗೆ ತಿಳಿದ ಅತ್ಯಂತ ಸುಂದರವಾದ ಉತ್ತರ ಟಿಫನಿ ನೈಟ್ ಮತ್ತು ಅವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ್ದು. ಫ್ಲಾರಿಡಾದಲ್ಲಿ ಮೀನಿರುವ ನಾಲ್ಕು ಮತ್ತು ಮೀನಿಲ್ಲದ ನಾಲ್ಕು ಕೊಳಗಳನ್ನು ಅವರು ಹೋಲಿಸಿದರು. ಮೀನಿರುವ ಕೊಳಗಳಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಮೀನಿನ ಪಾಲಾಗುವುದರಿಂದ ದಡದಲ್ಲಿ ಹಾರುವ ಏರೋಪ್ಲೇನ್ ಚಿಟ್ಟೆಗಳು ಕಡಿಮೆ. ಅವು ಕಡಿಮೆಯಾದ್ದರಿಂದ ಜೇನು ಮತ್ತಿತರ ಪರಾಗಸ್ಪರ್ಶಿ ಕೀಟಗಳು ಹೆಚ್ಚು. ಅವು ಹೆಚ್ಚಾದ್ದರಿಂದ ದಡದ ಗಿಡಗಳಿಗೆ ಪರಾಗದ ಕೊರತೆ ಕಡಿಮೆ. ನೀರೊಳಗಿನ ಮೀನಿಗೂ ದಡದ ಹೂವಿಗೂ ಸಂಬಂಧವಿರುವುದು ಹೀಗೆ. ಗಮನಿಸಿ, ಇಲ್ಲಿ ಮೀನಿನಿಂದ ಹೂವಿಗೆ ಲಾಭವೇ ಆಗಿದೆ. ಆದ್ದರಿಂದ ನಿಮ್ಮ ತೋಟದಲ್ಲಿ ಹಾನಿಯನ್ನಷ್ಟೇ ಹುಡುಕಬೇಡಿ. ಕೆರೆಯ ಬದಿಯಲ್ಲಿ ಹೀರೆ ಅಥವಾ ಸೋರೆಯ ಚಪ್ಪರವಿದ್ದರೆ, ಮುಜಂಟಿ ಅಥವಾ ತುಡುವೆ ಜೇನಿನ ಪೆಟ್ಟಿಗೆಯಿದ್ದರೆ, ಅಲ್ಲಿ ಏನಾಗಿದೆ ಎಂದೂ ನೋಡಿ.

ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಸಿಮೆಂಟಿನ ಎರಡು ತೊಟ್ಟಿಗಳಲ್ಲಿ ಕೆರೆಯ ನೀರನ್ನೇ ತುಂಬಿ, ಒಂದರಲ್ಲಿ ನಾಲ್ಕೈದು ತಿಲಾಪಿಯ ಮರಿಗಳನ್ನು ಬಿಡಿ, ಇನ್ನೊಂದರಲ್ಲಿ ಬೇಡ. ಎರಡಕ್ಕೂ ತೌಡು ಹಾಕಬೇಡಿ. ವಾರಕ್ಕೊಮ್ಮೆ ಗಾಜಿನ ಲೋಟದಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದು ನೋಡಿ. ಮೂರನೆಯ ತೊಟ್ಟಿ ಸಿಕ್ಕಿದರೆ ಅದರಲ್ಲಿ ಮೀನಿಲ್ಲದೆ ತೌಡು ಮಾತ್ರ ಹಾಕಿ. ಮೀನಿನ ಪಾಲೆಷ್ಟು, ತೌಡಿನ ಪಾಲೆಷ್ಟು ಎಂಬುದು ನಿಮ್ಮ ಮಗಳಿಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.


ತೋಡಿನಕರೆ (ಎಣ್ಮಕಜೆ):

ಅಧ್ಯಾಪಕಿಯವರು ಮೀನು ಸೇರಿಸಿದರೆ ಏನಾಗುತ್ತದೆ ಎಂದು ಬರೆದಿದ್ದಾರೆ. ಆಹಾರಜಾಲದ ಒಂದು ಭಾಗವನ್ನೇ ಕಿತ್ತು ತೆಗೆದರೆ ಏನಾಗುತ್ತದೆ ಎಂಬುದನ್ನು ನಮ್ಮ ಊರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಂಡಿದೆ.

ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ದಿನಗಳಲ್ಲಿ ನಾನು ಶಾಲೆಗೆ ಹೋಗುತ್ತಿದ್ದೆ. ಮನುಷ್ಯರಿಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಲೋಕಕ್ಕೆ ತಿಳಿದಿದೆ, ಮತ್ತು ಅದನ್ನು ಇನ್ನೊಂದು ವಿಷಯದ ನಡುವೆ ಒಂದು ಸಾಲಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನೀರಿನಲ್ಲಿ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಸಿಂಪಡಣೆಯಾದ ಮರುದಿನ ತೋಡಿನ ಗುಂಡಿಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಈ ವಿಷ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನಿನ ಪ್ರಾಣ ತೆಗೆಯಬಲ್ಲದೆಂದು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ. ಮನೆಯ ಹಿಂದಿನ ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದವು. ಮಳೆಗಾಲದ ಮೊದಲ ನೀರಿಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುತ್ತಿದ್ದ ಮೀನು, ತುಳುವಿನಲ್ಲಿ ಉಬರ್ ಎಂದು ಊರೆಲ್ಲ ಕಾಯುತ್ತಿದ್ದ ಆ ಸಂಭ್ರಮ, ನನ್ನ ಹದಿಹರೆಯದಲ್ಲಿ ಹೆಸರಿಗೆ ಮಾತ್ರ ಉಳಿದಿತ್ತು.

ಕೊಲ್ಲಲು ಹೊರಟದ್ದು ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆ ಎಂಬ ಒಂದು ತಿಗಣೆಯನ್ನು. ಅದೇ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಆ ತಿಗಣೆಯನ್ನು ಹಿಡಿಯುತ್ತದೆ, ಓಡಿಸುತ್ತದೆ. ವಿಷಕ್ಕೆ ಇರುವೆ ಯಾವುದು ತಿಗಣೆ ಯಾವುದು ಎಂಬ ಭೇದ ತಿಳಿಯದು. ಬೇಟೆಗಾರರು ಒಮ್ಮೆ ಸತ್ತರೆ, ಬೇಗ ಮರಿ ಮಾಡುವ ಕೀಟವೇ ಮೊದಲು ಮರಳಿ ಬರುತ್ತದೆ. ಆಗ ಅದನ್ನು ತಿನ್ನುವವರು ಯಾರೂ ಇರುವುದಿಲ್ಲ.

ಪ್ರಶ್ನೆ ಕೇಳಿದವರ ಎರಡು ಗದ್ದೆಗಳ ಬಗ್ಗೆ ಒಂದು ಮಾತು. ಜಾವಾ ದ್ವೀಪದ ಭತ್ತದ ಗದ್ದೆಗಳಲ್ಲಿ ವಿಲಿಯಂ ಸೆಟಲ್ ಮತ್ತು ಸಂಗಡಿಗರು ಮಾಡಿದ, 1996ರಲ್ಲಿ ಪ್ರಕಟವಾದ ಅಧ್ಯಯನದ ಸಾರ ತಿಳಿದಾಗ ನನಗೆ ನಮ್ಮ ಗದ್ದೆಯೇ ಬೇರೆಯಾಗಿ ಕಾಣಿಸಿತು. ನಾಟಿಯಾದ ಹೊಸದರಲ್ಲಿ ಗದ್ದೆಯ ನೀರಿನಲ್ಲಿ ಕೊಳೆಯುವ ಸೊಪ್ಪುಗೊಬ್ಬರವನ್ನೂ ಪ್ಲವಕವನ್ನೂ ತಿಂದು ಬೆಳೆದು ಮೇಲೇಳುವ ನುಸಿ, ನೊಣಗಳು ಭತ್ತಕ್ಕೆ ಏನೂ ಮಾಡುವುದಿಲ್ಲ. ಆದರೆ ಜೇಡಗಳೂ ಇತರ ಬೇಟೆಗಾರ ಕೀಟಗಳೂ ಅವುಗಳನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಂಡು, ಭತ್ತದ ಜಿಗಿಹುಳು ಬರುವ ಹೊತ್ತಿಗೆ ಸಿದ್ಧವಾಗಿರುತ್ತವೆ. ಆರಂಭದಲ್ಲೇ ಔಷಧಿ ಹೊಡೆದರೆ ಆ ಸೈನ್ಯವೇ ಇಲ್ಲವಾಗುತ್ತದೆ. ಇಂಡೋನೇಷ್ಯಾ ಸರಕಾರ 1986ರಲ್ಲಿಯೇ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತ್ತು. ಗದ್ದೆಯ ಹುಳುಗಳನ್ನು ತಿನ್ನುವ ಬೇಟೆಗಾರರಲ್ಲಿ ಕಪ್ಪೆಯೂ ಒಂದು; ನಮ್ಮ ದೇಶವೂ ಕಪ್ಪೆಗಾಲಿನ ರಫ್ತನ್ನು 1987ರಲ್ಲಿ ನಿಲ್ಲಿಸಿತು. ಗದ್ದೆಯಿಂದ ಗೋಂಕರು ಕಪ್ಪೆಗಳನ್ನು ಗೋಣಿಯಲ್ಲಿ ತುಂಬಿ ಸಾಗಿಸುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ನಿಮ್ಮ ಕೆರೆಯ ಕಪ್ಪೆಗಳು ಕಡಿಮೆಯಾಗಿದ್ದರೆ ಅದರ ಪರಿಣಾಮವನ್ನು ತೋಟದಲ್ಲಿ ಹುಡುಕುವ ಮೊದಲು ಗದ್ದೆಯಲ್ಲಿ ಹುಡುಕಿ ಎಂದು ನನ್ನ ಕೋರಿಕೆ.


ಅಳಿವೆಬಾಗಿಲು (ಮೊಗ್ರಾಲ್):

ನಮ್ಮದು ಮೀನು ಹಿಡಿಯುವ ಮನೆತನ. ಕೆರೆಯ ವಿಷಯದಲ್ಲಿ ನಾನು ಹೇಳಬಹುದಾದದ್ದು ಕಡಿಮೆ. ಆದರೆ ಸಮುದ್ರದಲ್ಲಿ ಈ ಜಾಲ ಹೇಗಿದೆ ಎಂಬುದನ್ನು ತಿಳಿದರೆ ಕೆರೆಯೂ ಅರ್ಥವಾದೀತೆಂದು ಬರೆಯುತ್ತಿದ್ದೇನೆ.

ಕಾಡಿನಲ್ಲಿ ಮರಗಳ ತೂಕ ಅವುಗಳನ್ನು ತಿನ್ನುವ ಪ್ರಾಣಿಗಳ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಮುದ್ರದಲ್ಲಿ ಹಲವೆಡೆ ಇದು ತಲೆಕೆಳಗು. ಒಂದು ಹೊತ್ತಿನಲ್ಲಿ ತೂಗಿ ನೋಡಿದರೆ ಸಸ್ಯಪ್ಲವಕಕ್ಕಿಂತ ಅದನ್ನು ತಿನ್ನುವ ಜೀವಿಗಳೇ ಹೆಚ್ಚು ಭಾರವಿರಬಹುದು, ಏಕೆಂದರೆ ಆ ಸೂಕ್ಷ್ಮ ಸಸ್ಯಗಳು ದಿನಗಳಲ್ಲಿ ಹುಟ್ಟಿ ದಿನಗಳಲ್ಲೇ ತಿನ್ನಲ್ಪಡುತ್ತವೆ. ಮರ ನೂರು ವರ್ಷ ಕೂಡಿಟ್ಟುಕೊಳ್ಳುತ್ತದೆ. ಪ್ಲವಕ ಏನನ್ನೂ ಕೂಡಿಡುವುದಿಲ್ಲ. ಅದರಿಂದಾಗಿ ನೀರಿನ ಜಾಲದಲ್ಲಿ ಏರಿಳಿತ ಬೇಗ ಕಾಣಿಸುತ್ತದೆ.

ನಮ್ಮ ಕರಾವಳಿಯಲ್ಲಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಸೂಕ್ಷ್ಮ ಸಸ್ಯಗಳಾದ ಡಯಾಟಮ್‌ಗಳು ಹೆಚ್ಚುತ್ತವೆ, ಅವುಗಳನ್ನೂ ಪ್ರಾಣಿಪ್ಲವಕವನ್ನೂ ತಿಂದು ಬೂತಾಯಿ ಕೊಬ್ಬುತ್ತದೆ, ಬಂಗುಡೆ ಬರುತ್ತದೆ, ಅವುಗಳ ಹಿಂದೆ ಅಂಜಲ್, ಕೇದರ, ಡಾಲ್ಫಿನ್‌ಗಳು. ಈ ನಡುವಿನ ಕೊಂಡಿಯಾದ ಬೂತಾಯಿ ಎಷ್ಟು ಅಸ್ಥಿರವೆಂದರೆ, ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಆ ವರ್ಷ ದೋಣಿ ಇಳಿಸದೆ ದಡದಲ್ಲಿ ಕುಳಿತ ದಿನಗಳು ನಮಗೆ ನೆನಪಿವೆ. ಇನ್ನೊಂದು ವಿಷಯ: ಮಳೆಗಾಲದ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61 ದಿನ. ತಲಪಾಡಿಯ ಗಡಿ ಮೀನಿಗೆ ತಿಳಿಯದು. ಒಂದೇ ಜಾಲಕ್ಕೆ ಎರಡು ಲೆಕ್ಕವಿರುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ.

ಅಳಿವೆಯ ಕಾಂಡ್ಲವನವನ್ನು (ಮ್ಯಾಂಗ್ರೋವ್ ಕಾಡನ್ನು) ಮರೆಯಬಾರದು. ಅಲ್ಲಿ ಹಸಿರೆಲೆಯನ್ನು ನೇರವಾಗಿ ತಿನ್ನುವವರು ಕಡಿಮೆ. ಎಲೆ ಉದುರಿ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಅದನ್ನು ಮೆತ್ತಗಾಗಿಸಿದ ಮೇಲೆ ಏಡಿ, ಸಿಗಡಿಗಳು ತಿನ್ನುತ್ತವೆ. ಹೀಗೆ ಕೊಳೆತದ್ದರಿಂದ ಆರಂಭವಾಗುವ ಜಾಲವೇ ನಮ್ಮ ಸಿಗಡಿಯ ಮೂಲ. ಕಡಲಿನಿಂದ ನೆಲಕ್ಕೂ ಆಹಾರ ಹೋಗುತ್ತದೆ. 2023ರಲ್ಲಿ ಕಾಸರಗೋಡು ತನ್ನ ಜಿಲ್ಲಾ ಪಕ್ಷಿಯೆಂದು ಘೋಷಿಸಿದ ಬಿಳಿಹೊಟ್ಟೆಯ ಕಡಲಹದ್ದು ಮೀನನ್ನೂ ಕಡಲಹಾವನ್ನೂ ಹಿಡಿದು ಎತ್ತರದ ಮರದ ಗೂಡಿಗೆ ತರುತ್ತದೆ. ಆ ಮರದ ಬುಡದಲ್ಲಿ ಬಿದ್ದ ಮುಳ್ಳು, ಚರ್ಮ, ಹಿಕ್ಕೆಗಳೆಲ್ಲ ಸಮುದ್ರದಿಂದ ಬಂದ ಗೊಬ್ಬರವೇ. ಅದೇ ಘೋಷಣೆಯಲ್ಲಿ ಹೆಸರಿಸಿದ, ಚಂದ್ರಗಿರಿ ಹೊಳೆಯ ಮರಳಿನಲ್ಲಿ ಹೂತು ಕುಳಿತು ಮೀನು ಹಿಡಿಯುವ ದೈತ್ಯ ಮೃದುಚಿಪ್ಪಿನ ಆಮೆ ಮೊಟ್ಟೆಯಿಡಲು ದಡವನ್ನೇ ಏರಬೇಕು. ಮರಳು ತೆಗೆದರೆ ಬೇಟೆಯ ಜಾಗವೂ ಇಲ್ಲ, ಮೊಟ್ಟೆಯ ಜಾಗವೂ ಇಲ್ಲ.


ಗುಡ್ಡದಹಾದಿ (ಮಂಜೇಶ್ವರ):

ಮೇಲಿನ ಬರಹಗಳನ್ನು ಗೌರವದಿಂದ ಓದಿದೆ. ಒಂದು ಎಚ್ಚರಿಕೆಯನ್ನು ಸೇರಿಸಲು ಬಯಸುತ್ತೇನೆ. ಎಲ್ಲವೂ ಎಲ್ಲದಕ್ಕೂ ಸಂಬಂಧಿಸಿದೆ ಎಂಬ ಮಾತು ಕೇಳಲು ಹಿತವಾದರೂ, ಎಲ್ಲ ಸಂಬಂಧಗಳೂ ಸಮಾನವಲ್ಲ ಎಂಬುದನ್ನು ಅದು ಮರೆಸುತ್ತದೆ.

ರಾಬರ್ಟ್ ಪೇಯ್ನ್ ಅವರು 1963ರಿಂದ ವಾಷಿಂಗ್ಟನ್ ಪ್ರಾಂತ್ಯದ ಬಂಡೆಗಳ ಕಡಲತೀರದಲ್ಲಿ ಒಂದು ಜಾತಿಯ ನಕ್ಷತ್ರಮೀನನ್ನು ಮಾತ್ರ ಕಿತ್ತು ಸಮುದ್ರಕ್ಕೆ ಎಸೆಯುತ್ತಾ ಹೋದರು. ಅದು ತಿನ್ನುತ್ತಿದ್ದ ಚಿಪ್ಪುಜೀವಿಗಳು ಬಂಡೆಯನ್ನೆಲ್ಲ ಆವರಿಸಿಕೊಂಡು, 15 ಜಾತಿಗಳಿದ್ದಲ್ಲಿ 8 ಉಳಿದವು. ಅಂತಹ ಜೀವಿಗೆ ಅವರು 1969ರಲ್ಲಿ, ಕಿತ್ತರೆ ಕಮಾನೇ ಕುಸಿಯುವ ನಡುಗಲ್ಲಿನ (ಕೀಸ್ಟೋನ್) ಹೆಸರಿಟ್ಟರು. ಆದರೆ ಅದೇ ತೀರದಲ್ಲಿ, ತೆಗೆದರೂ ಹೆಚ್ಚಿನದೇನೂ ಆಗದ ಜೀವಿಗಳೂ ಇವೆ. ಹೆಚ್ಚು ಜಾತಿ, ಹೆಚ್ಚು ಕೊಂಡಿ ಇದ್ದಷ್ಟೂ ಜಾಲ ಭದ್ರ ಎಂದು ಹಿಂದೆ ನಂಬಿದ್ದರು. 1972ರಲ್ಲಿ ರಾಬರ್ಟ್ ಮೇ ಅವರು ಗಣಿತದಿಂದ ತೋರಿಸಿದ್ದು ಇದಕ್ಕೆ ವಿರುದ್ಧ: ಮನಬಂದಂತೆ ಹೆಣೆದ ಜಾಲ ದೊಡ್ಡದಾದಷ್ಟೂ ಅಲುಗಾಡುವ ಸಾಧ್ಯತೆಯೇ ಹೆಚ್ಚು. ನಿಜವಾದ ಕೆರೆ, ಕಾಡುಗಳು ನಿಂತಿರುವುದು ಅವುಗಳ ಹೆಣಿಗೆ ಮನಬಂದಂತೆ ಇಲ್ಲದಿರುವುದರಿಂದ. ಕೆಲವು ಬಲವಾದ ಎಳೆಗಳ ಸುತ್ತ ಬಹಳಷ್ಟು ದುರ್ಬಲ ಎಳೆಗಳಿರುವುದರಿಂದ.

ಆದ್ದರಿಂದ ಪ್ರಶ್ನೆಯನ್ನು ಹೀಗೆ ಕೇಳುವುದು ಒಳ್ಳೆಯದು: ಈ ಕೆರೆಯಲ್ಲಿ ಬಲವಾದ ಎಳೆ ಯಾವುದು? ನನ್ನ ಅಂದಾಜಿನಲ್ಲಿ ಅದು ತಿಲಾಪಿಯ ಅಲ್ಲ, ಹುಲ್ಲುಗೆಂಡೆ. ನೈದಿಲೆ ಮತ್ತು ಜೊಂಡು ಇದ್ದರೆ ಡಾಫ್ನಿಯಾಕ್ಕೂ ಗೊದಮೊಟ್ಟೆಗೂ ಅಡಗುದಾಣ ಇರುತ್ತಿತ್ತು. ಹುಲ್ಲುಗೆಂಡೆ ತಿಂದದ್ದು ಗಿಡವನ್ನು ಮಾತ್ರವಲ್ಲ, ಉಳಿದವರ ಆಶ್ರಯವನ್ನು. ಸಮಾಧಾನದ ವಿಷಯವೆಂದರೆ ಅದು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಬಲೆ ಹಾಕಿ ಹಿಡಿದರೆ ಮುಗಿಯಿತು.

ಇನ್ನೊಂದು ವಿಷಯ ತೋಡಿನ ಬದಿಯ ಮರಗಳದ್ದು. ಜಪಾನಿನ ಹೊಕ್ಕೈಡೊ ದ್ವೀಪದ ಹೊರೊನಾಯ್ ತೊರೆಯಲ್ಲಿ ಶಿಗೆರು ನಕಾನೊ ಅವರು ತೊರೆಯ ಮೇಲೆ ಹಸಿರುಮನೆಯಂತಹ ಹೊದಿಕೆ ಹಾಕಿ, ಕಾಡಿನಿಂದ ನೀರಿಗೆ ಬೀಳುವ ಹುಳುಗಳನ್ನು ತಡೆದರು. ಹಸಿದ ಮೀನುಗಳು ತಳದ ಕೀಟಗಳ ಮೇಲೆ ಬಿದ್ದವು, ಪಾಚಿ ಮೇಯುವ ಆ ಕೀಟಗಳು ಕಡಿಮೆಯಾಗಿ ಕಲ್ಲಿನ ಮೇಲಿನ ಪಾಚಿ ಹೆಚ್ಚಿತು. ವರ್ಷವಿಡೀ ಅಳೆದಾಗ ಆ ಮೀನುಗಳ ಆಹಾರದಲ್ಲಿ ಶೇಕಡ 44ರಷ್ಟು ಕಾಡಿನಿಂದ ಬಂದದ್ದು, ಕಾಡಿನ ಹಕ್ಕಿಗಳ ಆಹಾರದಲ್ಲಿ ಸುಮಾರು ಕಾಲುಭಾಗ ತೊರೆಯಿಂದ ಹಾರಿದ ಕೀಟಗಳು. ಮರ ಚಿಗುರಿರುವಾಗ ಕಾಡು ತೊರೆಗೆ ಉಣಿಸುತ್ತದೆ, ಮರ ಬೋಳಾಗಿರುವಾಗ ತೊರೆ ಕಾಡಿಗೆ ಉಣಿಸುತ್ತದೆ. 2000ದಲ್ಲಿ ದೋಣಿ ಅಪಘಾತದಲ್ಲಿ ತೀರಿಕೊಂಡ ನಕಾನೊ ಅವರ ಈ ಅಳತೆ ಪ್ರಕಟವಾದದ್ದು ಮರುವರ್ಷ. ನಿಮ್ಮ ಕೆರೆಯ ದಡದಲ್ಲಿ ನೇರಳೆ, ಹೊಂಗೆ, ಹೊಳೆಮತ್ತಿ ಇದ್ದರೆ ನೆರಳಾಗುತ್ತದೆಂದು ಕಡಿಯಬೇಡಿ.


ಪಳ್ಳದಬದಿ (ಬದಿಯಡ್ಕ):

ಎಲ್ಲರಿಗೂ ಕೃತಜ್ಞತೆಗಳು. ಐವತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ, ಏಕೆಂದರೆ ಪರೀಕ್ಷೆ ಮುಗಿಸದೆ ಬರೆಯಬಾರದೆಂದು ಮಗಳು ಹಟ ಹಿಡಿದಿದ್ದಳು.

ಮೂರು ತೊಟ್ಟಿಗಳನ್ನೂ ಇಟ್ಟೆವು. ಮೀನೂ ತೌಡೂ ಇಲ್ಲದ ತೊಟ್ಟಿಯ ನೀರು ಹದಿನೆಂಟನೆಯ ದಿನಕ್ಕೆ ತಳ ಕಾಣುವಷ್ಟು ತಿಳಿಯಾಯಿತು. ಲೋಟವನ್ನು ಬೆಳಕಿಗೆ ಹಿಡಿದಾಗ ಧೂಳಿನ ಕಣಗಳಂತೆ ಕುಪ್ಪಳಿಸುವ ಜೀವಿಗಳು ಕಂಡವು. ಡಾಫ್ನಿಯಾ ಎಂದು ಅಧ್ಯಾಪಕಿಯವರು ಚಿತ್ರ ನೋಡಿ ಖಚಿತಪಡಿಸಿದ್ದಾರೆ. ತಿಲಾಪಿಯ ಮರಿಗಳಿದ್ದ ತೊಟ್ಟಿ ಕೊನೆಯವರೆಗೂ ಹಸಿರಾಗಿಯೇ ಉಳಿಯಿತು, ಅದರ ನೀರಿನಲ್ಲಿ ಒಂದು ಡಾಫ್ನಿಯಾವೂ ಕಾಣಲಿಲ್ಲ. ಮೀನಿಲ್ಲದೆ ತೌಡು ಹಾಕಿದ ತೊಟ್ಟಿ ಮೊದಲೆರಡು ವಾರ ಎಲ್ಲಕ್ಕಿಂತ ಹೆಚ್ಚು ಹಸಿರಾಗಿದ್ದು, ಆಮೇಲೆ ಅರ್ಧ ತಿಳಿಯಾಗಿ ಅಲ್ಲಿಯೇ ನಿಂತಿತು. ಮೂರು ತೊಟ್ಟಿಗಳಿಂದ ಸಿದ್ಧಾಂತ ಮಾಡಲಾಗದು ಎಂಬುದು ಗೊತ್ತಿದೆ. ಆದರೂ ಮೀನು ಮತ್ತು ತೌಡು ಎರಡೂ ಕಾರಣವೆಂಬ ಅಧ್ಯಾಪಕಿಯವರ ಮಾತಿಗೆ ನಮ್ಮ ತೊಟ್ಟಿಗಳು ವಿರುದ್ಧವಾಗಿಲ್ಲ.

ಹುಲ್ಲುಗೆಂಡೆಗಳನ್ನು ಬಲೆ ಹಾಕಿ ಹಿಡಿದಾಯಿತು, ಹನ್ನೊಂದು ಸಿಕ್ಕಿದವು. ಹೀರೆಯ ಚಪ್ಪರ ಕೆರೆಯಿಂದ ದೂರವಿರುವುದರಿಂದ ಜೇನಿನ ವಿಷಯದಲ್ಲಿ ಏನನ್ನೂ ಹೇಳಲಾರೆ. ಎಣ್ಮಕಜೆಯವರು ಹೇಳಿದಂತೆ ಗದ್ದೆಯನ್ನು ಈ ಬಾರಿ ನಾಟಿಯಿಂದಲೇ ಗಮನಿಸುತ್ತೇವೆ, ಜೇಡರ ಬಲೆಗಳನ್ನು ವಾರಕ್ಕೊಮ್ಮೆ ಎಣಿಸುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಿದ್ದಾಳೆ.

ತಿಲಾಪಿಯಗಳನ್ನು ತೆಗೆಯಲು ಕೆರೆಯನ್ನು ಪೂರ್ತಿ ಬತ್ತಿಸಬೇಕೆಂದು ಹೊರಟಿದ್ದೆ. ಆದರೆ ನೀರನ್ನು ತೋಡಿಗೆ ಬಿಟ್ಟರೆ ಬೆರಳಿನ ಉಗುರಿನಷ್ಟಿರುವ ಮರಿಗಳೂ ಅದರೊಂದಿಗೆ ಹೊಳೆ ಸೇರುತ್ತವೆ, ಅಲ್ಲಿಂದ ಮಳೆಗೆ ಯಾರ್ಯಾರ ಗದ್ದೆ, ಕೆರೆಗಳಿಗೆ ಹತ್ತುತ್ತವೆಯೋ ಹೇಳಲಾಗದು. 1952ರಲ್ಲಿ ಭಾರತಕ್ಕೆ ಬಂದ ಈ ಮೀನು ಊರೂರಿಗೆ ಹಬ್ಬಿದ್ದರಲ್ಲಿ ನನ್ನಂತಹವರ ಪಾಲೂ ಇರಬೇಕು. ಆದ್ದರಿಂದ ನೀರನ್ನು ತೋಡಿಗೆ ಬಿಡದೆ, ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆ ಕಟ್ಟಿ ಪಂಪಿನಿಂದ ಅಡಿಕೆ ಬುಡಗಳಿಗೆ ಹಾಯಿಸುತ್ತಿದ್ದೇವೆ. ಮಳೆಗೆ ಮೊದಲು ಮುಗಿಯದಿದ್ದರೆ ಮುಂದಿನ ಬೇಸಗೆಗೆ ಮುಂದುವರಿಸುತ್ತೇವೆ. ಕೆರೆಯ ಕೋಡಿಗೂ ಅದೇ ಬಲೆಯನ್ನು ಕಟ್ಟಿದ್ದೇನೆ. ಮಳೆಗಾಲದ ರಭಸಕ್ಕೆ ಹರಿಯದಂತಹ ಬಲೆ ಯಾವುದೆಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.